ಎರಡು ನಿಮಿಷಕ್ಕೆ ಮೂವತ್ತೊಂದು ವರ್ಷ

ಮೇ ತಿಂಗಳ ಮೊದಲ ದಿನಗಳು. ಕ್ಯೋಟೊ ನಗರದ ಒಳಾಂಗಣ ಕ್ರೀಡಾಂಗಣದಲ್ಲಿ ಬೆಳಿಗ್ಗೆಯಿಂದಲೇ ನೀಲಿ ಬಟ್ಟೆಯವರ ಸಾಲು. ಬಹುಪಾಲು ತಲೆಗಳು ನರೆತಿವೆ. ಸೊಂಟದ ಕವಚದ ನಡುಪಟ್ಟಿಗೆ ಎಂದಿನಂತೆ ಹೆಸರು ಬರೆದ ಬಟ್ಟೆಯ ಗವಸು ಇರಬೇಕಿತ್ತು. ಇವತ್ತು ಅದನ್ನು ಕಳಚಿಟ್ಟಿದ್ದಾರೆ, ಅದರ ಜಾಗದಲ್ಲಿ ಬರೀ ಒಂದು ಸಂಖ್ಯೆ. ಜೋಡಿ ಹಾಕುವುದು ವಯಸ್ಸಿನ ಲೆಕ್ಕದಲ್ಲಿ. ನಲವತ್ತಾರರವರಿಗೆ ನಲವತ್ತಾರರವರು, ಎಪ್ಪತ್ತು ದಾಟಿದವರಿಗೆ ಎಪ್ಪತ್ತು ದಾಟಿದವರು. ಕರೆ ಬಂದಾಗ ಇಬ್ಬರು ಎದುರುಬದುರಾಗಿ ಬಂದು, ತುದಿಗಾಲಲ್ಲಿ ಕುಕ್ಕರಿಸಿ, ಬಿದಿರಿನ ಕತ್ತಿಗಳನ್ನು ಮುಂದೆ ಚಾಚಿ ಎದ್ದು ನಿಲ್ಲುತ್ತಾರೆ. ಹೊಟ್ಟೆಯಾಳದಿಂದ ಒಂದು ಕೂಗು. ಆಮೇಲೆ, ಗೊತ್ತಿಲ್ಲದೆ ನೋಡುವವರ ಪಾಲಿಗೆ, ಏನೂ ನಡೆಯುವುದಿಲ್ಲ. ಕತ್ತಿಯ ತುದಿಗಳು ತಾಗಿ ಟಕ್ ಎನ್ನುತ್ತವೆ. ಒಬ್ಬರ ಬಲಗಾಲು ಎರಡು ಬೆರಳಿನಷ್ಟು ಮುಂದಕ್ಕೆ ಜಾರುತ್ತದೆ. ಇನ್ನೊಬ್ಬರ ಕತ್ತಿಯ ತುದಿ ತುಸು ಮೇಲೇಳುತ್ತದೆ. ಅಷ್ಟರಲ್ಲಿ ಧಡ್ ಎಂದು ನೆಲ ಮೆಟ್ಟಿದ ಸದ್ದು, ನೆತ್ತಿಯ ಮೇಲೆ ಒಂದು ಏಟು. ಎರಡು ನಿಮಿಷ ಆಗುತ್ತಿದ್ದಂತೆ ನಿಲ್ಲಿಸುತ್ತಾರೆ. ಇನ್ನೊಬ್ಬ ಎದುರಾಳಿ, ಇನ್ನೆರಡು ನಿಮಿಷ. ಮುಗಿಯಿತು.

ಇದು ಕೆಂಡೊ ಎಂಬ ಜಪಾನಿ ಕತ್ತಿವರಸೆಯ ಎಂಟನೇ ದಾನ್ ಪರೀಕ್ಷೆಯ ಮೊದಲ ಸುತ್ತು. ದಾನ್ ಎಂದರೆ ಮೆಟ್ಟಿಲು. (ಇಂಗ್ಲಿಷಿನ ಮೂಲಕ ಬಂದ ‘ಡಾನ್’ ಎಂದು ಬರೆದರೆ ನಮ್ಮಲ್ಲಿ ಭೂಗತ ಲೋಕದವರು ನೆನಪಾಗುತ್ತಾರೆ, ‘ದಾನ್’ ಎಂದರೆ ಯಾರೋ ಧರ್ಮಕ್ಕೆ ಕೊಟ್ಟಂತೆ ಕೇಳುತ್ತದೆ. ಎರಡಕ್ಕೂ ಸಂಬಂಧವಿಲ್ಲ.) ನೂರು ಮಂದಿ ಕೂತರೆ ಒಬ್ಬರು ಪಾಸಾದರೆ ಹೆಚ್ಚು ಎನ್ನುವಂಥ ಪರೀಕ್ಷೆ ಇದು. ಕೂರುವವರೂ ಸಾಮಾನ್ಯರಲ್ಲ. ಒಂದನೇ ದಾನ್ ಆದಮೇಲೆ ಎರಡನೆಯದಕ್ಕೆ ಒಂದು ವರ್ಷ ಕಾಯಬೇಕು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಮೂರು, ಐದನೆಯದಕ್ಕೆ ನಾಲ್ಕು, ಆರನೆಯದಕ್ಕೆ ಐದು, ಏಳನೆಯದಕ್ಕೆ ಆರು. ಅಲ್ಲಿಂದ ಎಂಟಕ್ಕೆ ಒಮ್ಮೆಲೇ ಹತ್ತು ವರ್ಷ, ಜೊತೆಗೆ ವಯಸ್ಸು 46 ತುಂಬಿರಬೇಕು. ಒಂದು ಸಲವೂ ಫೇಲಾಗದೆ ಹತ್ತಿದವರಿಗೂ ಕೂಡಿಸಿದರೆ 31 ವರ್ಷ. ಆ 31 ವರ್ಷವನ್ನು ತೂಗುವುದು ಆ ಎರಡೆರಡು ನಿಮಿಷಗಳಲ್ಲಿ.

ಏನನ್ನು ತೂಗುತ್ತಾರೆ? ತೂಗಲು ಸಾಧ್ಯವೇ? ಈ ಕಲೆಯ ಒಳಗಿರುವವರೂ ಇದನ್ನು ಕೇಳಿಕೊಳ್ಳುತ್ತಾರೆ, ಹೊರಗೆ ನಿಂತು ನಗುವವರೂ ಕೇಳುತ್ತಾರೆ. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ದಾನ್ ಎಂಬುದು ಕತ್ತಿಯ ಲೋಕದಲ್ಲಿ ಹುಟ್ಟಿದ್ದಲ್ಲ, ‘ಗೋ’ ಎಂಬ ಮಣೆಯಾಟದಿಂದ ಬಂದದ್ದು. ಹದಿನೇಳನೇ ಶತಮಾನದ ಹೊನಿನ್‌ಬೊ ದೋಸಾಕು ಎಂಬ ಗೋ ಆಟದ ಗುರು ಆಟಗಾರರನ್ನು ದಾನ್‌ಗಳಲ್ಲಿ ವಿಂಗಡಿಸಿದ. ಮೈಯ ಕಲೆಗಳಿಗೆ ಇದನ್ನು ತಂದವರು ಜೂಡೊ ಕಟ್ಟಿದ ಕಾನೊ ಜಿಗೊರೊ, 1883ರಲ್ಲಿ. ಅಲ್ಲಿಯವರೆಗೆ ಕತ್ತಿವರಸೆಯ ಗರಡಿಗಳಲ್ಲಿ ಇದ್ದದ್ದು ಸನ್ನದಿನ ಪದ್ಧತಿ. ಗುರು ಮೆಚ್ಚಿದರೆ ಮೊದಲು ಒಂದು ಕಾಗದದ ಚೀಟಿ, ಕೆಲವು ವರ್ಷ ಕಳೆದು ಪಟ್ಟುಗಳ ಹೆಸರಿನ ಸುರುಳಿ, ಅದೂ ದಾಟಿದರೆ ಕಲಿಸುವ ಅಪ್ಪಣೆ, ಕೊನೆಗೆ ಎಲ್ಲವನ್ನೂ ಧಾರೆ ಎರೆದೆ ಎನ್ನುವ ‘ಮೆಂಕ್ಯೊ ಕೈದೆನ್’. ಪ್ರತಿ ಹಂತಕ್ಕೂ ಗುರುಕಾಣಿಕೆ ಸಲ್ಲಬೇಕು. ಇತ್ತೊ ಪಂಥದಲ್ಲಿ ಇಂಥ ಎಂಟು ಹಂತಗಳಿದ್ದವು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಚಿಬಾ ಶೂಸಾಕು ಎಂಬ ಗುರು ತನ್ನದೇ ಹೊಕುಶಿನ್ ಇತ್ತೊ ಪಂಥ ಕಟ್ಟಿ ಎಂಟನ್ನು ಮೂರಕ್ಕೆ ಇಳಿಸಿದ. ಖರ್ಚೂ ಕಾಲವೂ ಉಳಿದದ್ದರಿಂದಲೇ ಎದೊ (ಇಂದಿನ ಟೋಕಿಯೊ) ಪಟ್ಟಣದ ಅವನ ಗರಡಿಗೆ ಹುಡುಗರು ಮುಗಿಬಿದ್ದರು ಎನ್ನುತ್ತಾರೆ. ಹಂತ ಮತ್ತು ಹಣದ ನಂಟು ಹೊಸತಲ್ಲ ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳೋಣ, ಮುಂದೆ ಬೇಕಾಗುತ್ತದೆ.

1876ರಲ್ಲಿ ಮೇಜಿ ಸರ್ಕಾರ ಸಮುರಾಯ್‌ಗಳ ಸೊಂಟದಿಂದ ಕತ್ತಿ ಕಳಚಿಸಿತು. ಅದಕ್ಕೂ ಮೂರು ವರ್ಷ ಮೊದಲೇ, ಹೊಟ್ಟೆಪಾಡಿಗೆ ದಾರಿ ಕಾಣದ ಕತ್ತಿಗುರುಗಳನ್ನು ಕಲೆಹಾಕಿ ಸಕಾಕಿಬಾರಾ ಕೆಂಕಿಚಿ ಟೋಕಿಯೊದ ಅಸಾಕುಸಾದಲ್ಲಿ ಟಿಕೆಟ್ ಇಟ್ಟು ಕತ್ತಿವರಸೆಯ ಪ್ರದರ್ಶನ ನಡೆಸಿದ್ದ. ಒಂದು ಕಾಲಕ್ಕೆ ಶೋಗನ್ನರ ಆಪ್ತ ಗುರುವಾಗಿದ್ದವನು ಡೇರೆ ಹಾಕಿ ಜನ ಕೂಡಿಸಿದ್ದನ್ನು ಕಂಡು ಕಣ್ಣೀರಿಟ್ಟವರೂ ಇರಬಹುದು, ಆದರೆ ಕಲೆ ಉಳಿದದ್ದರಲ್ಲಿ ಆ ಡೇರೆಯ ಪಾಲೂ ಇದೆ. 1877ರ ಸತ್ಸುಮಾ ದಂಗೆಯಲ್ಲಿ ಪೊಲೀಸರ ಕತ್ತಿ ಪಡೆ ಕೆಲಸಕ್ಕೆ ಬಂದಮೇಲೆ ಟೋಕಿಯೊ ಪೊಲೀಸ್ ಇಲಾಖೆ ಕತ್ತಿವರಸೆಯನ್ನು ಕೈಬಿಡಲಿಲ್ಲ. ಇವತ್ತಿಗೂ ಜಪಾನಿನ ಬಲವಾದ ಆಟಗಾರರಲ್ಲಿ ಪೊಲೀಸರೇ ಹೆಚ್ಚು. 1895ರಲ್ಲಿ ಕ್ಯೋಟೊದಲ್ಲಿ ಬುತೊಕುಕಾಯ್ ಎಂಬ ಅಖಿಲ ಜಪಾನ್ ಸಮರಕಲೆಗಳ ಸಂಸ್ಥೆ ಹುಟ್ಟಿತು. ಬೇರೆ ಬೇರೆ ಪಂಥದವರು ಒಟ್ಟಿಗೆ ಕೂತು 1912ರಲ್ಲಿ ಹತ್ತು ಸಾಮಾನ್ಯ ‘ಕತಾ’ಗಳನ್ನು, ಅಂದರೆ ಕಟ್ಟುಮಾಡಿದ ವರಸೆಗಳನ್ನು, ಗೊತ್ತುಮಾಡಿದರು. ಏಳು ಉದ್ದ ಕತ್ತಿಯವು, ಮೂರು ಗಿಡ್ಡ ಕತ್ತಿಯವು. 1917ರಲ್ಲಿ ಬುತೊಕುಕಾಯ್ ದಾನ್ ಪದ್ಧತಿಯನ್ನೂ ಒಪ್ಪಿಕೊಂಡಿತು. ಎರಡನೇ ಮಹಾಯುದ್ಧ ಸೋತಮೇಲೆ ಅಮೆರಿಕನ್ ಆಡಳಿತ ಶಾಲೆಗಳಲ್ಲಿ ಕೆಂಡೊ ನಿಲ್ಲಿಸಿತು, 1946ರಲ್ಲಿ ಬುತೊಕುಕಾಯ್ ವಿಸರ್ಜನೆಯಾಯಿತು. ಈಗ ಪರೀಕ್ಷೆ ನಡೆಸುವ ಅಖಿಲ ಜಪಾನ್ ಕೆಂಡೊ ಒಕ್ಕೂಟ 1952ರದು.

ಆಗಿನ ಏಣಿಗೆ ಹತ್ತು ಮೆಟ್ಟಿಲು. ಹತ್ತನೇ ದಾನ್ ಮುಟ್ಟಿದವರು ಐದೇ ಮಂದಿ. ಅವರಲ್ಲಿ ಒಬ್ಬರು, 1929ರಲ್ಲಿ ಚಕ್ರವರ್ತಿಯ ಎದುರು ನಡೆದ ಪಂದ್ಯ ಗೆದ್ದ ಮೊಚಿದಾ ಮೊರಿಜಿ. ಆದರೆ 2000ದಲ್ಲಿ ಒಕ್ಕೂಟ ಒಂಬತ್ತು, ಹತ್ತನ್ನು ಕಿತ್ತುಹಾಕಿ ಎಂಟಕ್ಕೇ ಏಣಿ ಮುಗಿಸಿತು. ದಾನ್ ಜೊತೆಗೆ ರೆನ್‌ಶಿ, ಕ್ಯೋಶಿ, ಹನ್‌ಶಿ ಎಂಬ ಬಿರುದುಗಳ ಇನ್ನೊಂದು ಸಾಲೂ ಇದೆ. ಅವು ಕಲಿಸುವ ಯೋಗ್ಯತೆ, ನಡತೆಗಳನ್ನು ನೋಡಿ ಕೊಡುವಂಥವು.

ಕೆಳಗಿನ ಮೆಟ್ಟಿಲುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹದಿಮೂರು ತುಂಬಿದ ಮಕ್ಕಳು ಒಂದನೇ ದಾನ್‌ಗೆ ಕೂರಬಹುದು. ಜಪಾನಿನಲ್ಲಿ ಶಾಲೆ ಮುಗಿಯುವ ಹೊತ್ತಿಗೆ ಎರಡೋ ಮೂರೋ ದಾನ್ ಆದವರು ಬೇಕಾದಷ್ಟು ಸಿಗುತ್ತಾರೆ. ಅಲ್ಲಿ ನೋಡುವುದು ಲಕ್ಷಣ ಸರಿಯಿದೆಯೇ ಎಂದು. ಆದರೆ ಆ ಲಕ್ಷಣ ಎಂದರೇನು ಎಂಬುದನ್ನು ಹತ್ತಿರದಿಂದ ನೋಡದೆ ಮೇಲಿನ ಮೆಟ್ಟಿಲು ಅರ್ಥವಾಗುವುದಿಲ್ಲ. ಅದಕ್ಕೆ ಬಿದಿರಿನ ಕತ್ತಿಯನ್ನೇ ಕೈಗೆತ್ತಿಕೊಳ್ಳಬೇಕು.

ಅದರ ಹೆಸರು ಶಿನಾಯ್. ನಾಲ್ಕು ಬಿದಿರ ಸೀಳುಗಳನ್ನು ಕೂಡಿಸಿ, ತುದಿಗೊಂದು ಚರ್ಮದ ಟೊಪ್ಪಿ, ಹಿಡಿಗೊಂದು ಚರ್ಮದ ಒರೆ, ಎರಡನ್ನೂ ಬಿಗಿಯುವ ಒಂದು ದಾರ. ವಯಸ್ಕ ಗಂಡಸರ ಶಿನಾಯ್ 120 ಸೆಂಟಿಮೀಟರ್ ಮೀರಬಾರದು, 510 ಗ್ರಾಮಿಗಿಂತ ಹಗುರ ಇರಬಾರದು. ನೋಡಲು ಗುಂಡನೆಯ ಕೋಲು, ಎಲ್ಲ ಕಡೆಯೂ ಒಂದೇ. ಆದರೆ ಆ ದಾರ ಹಾದುಹೋಗುವ ಬದಿ ಕತ್ತಿಯ ಬೆನ್ನು ಎಂದು ಲೆಕ್ಕ. ಅದರ ಎದುರು ಬದಿ ಅಲಗು. ತುದಿಯಿಂದ ಕಾಲು ಭಾಗದಷ್ಟು ಕೆಳಗೆ ಒಂದು ಚರ್ಮದ ಕಟ್ಟು, ಅದರಿಂದ ಮೇಲಿನದ್ದೇ ಕಡಿಯುವ ಭಾಗ. ಆ ಭಾಗದ ಅಲಗಿನ ಬದಿಯೇ ತಾಗಬೇಕು. ತಾಗಬೇಕಾದ ಜಾಗಗಳೂ ನಾಲ್ಕೇ: ನೆತ್ತಿ, ಮಣಿಕಟ್ಟು, ಪಕ್ಕೆ, ಗಂಟಲು. ಕೂಗು, ಏಟು, ಕಾಲು ಮೆಟ್ಟಿದ್ದು ಮೂರೂ ಒಂದೇ ಗಳಿಗೆಗೆ ಬರಬೇಕು. ಏಟು ಬಿದ್ದಮೇಲೂ ಎಚ್ಚರ ಸಡಿಲಬಾರದು, ದಾಟಿ ಹೋಗಿ ತಿರುಗಿ ಮತ್ತೆ ಕತ್ತಿ ಚಾಚಿ ನಿಲ್ಲಬೇಕು. ಈ ಉಳಿದ ಎಚ್ಚರಕ್ಕೆ ‘ಜಾನ್‌ಶಿನ್’ ಎಂದು ಹೆಸರು. ಪಂದ್ಯದಲ್ಲಿ ಅಂಕ ಬಂದ ಖುಷಿಗೆ ಮುಷ್ಟಿ ಎತ್ತಿ ಕುಣಿದರೆ ಅಂಕವನ್ನೇ ವಾಪಸು ಪಡೆಯಬಹುದು. ಬೇರೆ ಯಾವ ಆಟದಲ್ಲಿ ಗೆದ್ದವರಿಗೆ ಇಂಥ ಶಿಕ್ಷೆ ಇದೆಯೋ ನಾನು ಕಾಣೆ.

ಅಭ್ಯಾಸಕ್ಕೆ ಮೊದಲು ಶಿನಾಯನ್ನು ಕಣ್ಣ ಹತ್ತಿರ ಹಿಡಿದು, ಬೆರಳಾಡಿಸಿ, ಸಿಬಿರು ಎದ್ದಿದೆಯೇ ನೋಡುವುದು ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಎದ್ದಿದ್ದರೆ ಹೆರೆದು, ಉಜ್ಜಿ, ಎಣ್ಣೆ ಸವರಬೇಕು. ಸೀಳು ಬಿಟ್ಟಿದ್ದರೆ ಎಸೆಯಬೇಕು. ಸಿಬಿರು ಎದುರಿಗಿರುವವರ ಮುಖಜಾಲರಿಯ ಸಂದಿಯಲ್ಲಿ ಕಣ್ಣಿಗೆ ಹೊಗಬಹುದು. ನಿಮ್ಮ ಕತ್ತಿಯನ್ನು ನೀವು ಪರೀಕ್ಷಿಸುವುದು ಎದುರಾಳಿಯ ಕಣ್ಣಿಗಾಗಿ. ‘ಶೀಲ’ ಎಂಬ ದೊಡ್ಡ ಮಾತನ್ನು ಕೆಂಡೊದವರು ಬಹಳ ಬಳಸುತ್ತಾರೆ. 1975ರಲ್ಲಿ ಒಕ್ಕೂಟ ಬರೆದಿಟ್ಟ ಧ್ಯೇಯವೂ ಕತ್ತಿಯ ತತ್ವದಿಂದ ಮನುಷ್ಯನ ಶೀಲ ತಿದ್ದುವುದೇ. ನನಗೆ ಆ ಮಾತು ನಂಬಿಕೆ ಹುಟ್ಟಿಸಿದ್ದು ಘೋಷಣೆಯಲ್ಲಿ ಓದಿದಾಗಲ್ಲ, ಈ ಸಿಬಿರಿನ ವಿಷಯ ತಿಳಿದಾಗ.

ಈಗ ಮೇಲಿನ ಮೆಟ್ಟಿಲಿಗೆ ಬರೋಣ. ನಾಲ್ಕು, ಐದರವರೆಗೆ ಜೋರಿನಿಂದ, ಚುರುಕಿನಿಂದ ಹತ್ತಬಹುದು. ಆರರಿಂದಾಚೆ ಅದೇ ಜೋರು ಅಡ್ಡ ಬರುತ್ತದೆ. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ. ಒಬ್ಬರು ಎರಡು ನಿಮಿಷದಲ್ಲಿ ಹತ್ತು ಸಲ ಮೇಲೆ ಬೀಳುತ್ತಾರೆ, ಮೂರು ಏಟು ಚೆನ್ನಾಗಿಯೇ ತಾಗುತ್ತವೆ. ಎದುರಿನವರು ಎರಡೇ ಸಲ ಹೊಡೆಯುತ್ತಾರೆ. ಫಲಿತಾಂಶದ ಹಲಗೆಯಲ್ಲಿ ಇರುವುದು ಆ ಎರಡು ಹೊಡೆದವರ ಸಂಖ್ಯೆ. ಮೊದಲ ಸಲ ನೋಡಿದವರಿಗೆ ಇದು ಅನ್ಯಾಯ.

ಇದರ ಒಳಗುಟ್ಟಿಗೆ ಜಪಾನಿಯಲ್ಲಿ ‘ಸೆಮೆ’ ಎಂಬ ಮಾತಿದೆ. ಒತ್ತುವುದು ಎನ್ನಬಹುದು, ಆದರೆ ಕೈಯಿಂದ ಒತ್ತುವುದಲ್ಲ. ಒಂದು ಹೆಜ್ಜೆ ಮುಂದಿಟ್ಟರೆ ಏಟು ತಾಗುವ, ಒಂದು ಹೆಜ್ಜೆ ಹಿಂದಿಟ್ಟರೆ ತಪ್ಪುವ ದೂರವೊಂದಿದೆ. ಆ ಗಡಿಯಲ್ಲಿ ನಿಂತು, ಕತ್ತಿಯ ತುದಿಯಿಂದ ನಡುಗೆರೆ ಹಿಡಿದು, ಈಗಲೋ ಆಗಲೋ ಎನ್ನಿಸುತ್ತ ಎದುರಿನವರ ಮನಸ್ಸನ್ನು ಕದಲಿಸಬೇಕು. ಮನಸ್ಸಿಗೆ ಬಡಿಯುವ ನಾಲ್ಕು ರೋಗಗಳನ್ನು ಹಳಬರು ಎಣಿಸಿಟ್ಟಿದ್ದಾರೆ: ಬೆಚ್ಚುವುದು, ಹೆದರುವುದು, ಶಂಕಿಸುವುದು, ಗಲಿಬಿಲಿಗೊಳ್ಳುವುದು. ಇವುಗಳಲ್ಲಿ ಒಂದು ಎದುರಿನವರಲ್ಲಿ ತಲೆಯೆತ್ತಿದ ಕ್ಷಣ ಅವರ ಕತ್ತಿಯ ತುದಿ ಅಲುಗುತ್ತದೆ. ಹೊಡೆಯುವ ಸಮಯಗಳೂ ಮೂರೇ ಎಂದು ಹೇಳಿಕೊಡುತ್ತಾರೆ: ಎದುರಿನವರು ಹೊರಡುವಾಗ, ಅವರ ಪಟ್ಟು ಮುಗಿದು ಕೈ ಖಾಲಿಯಾದಾಗ, ನಮ್ಮ ಏಟನ್ನು ತಡೆಯಲೆಂದು ಕೈ ಎತ್ತಿದಾಗ. ಗೆದ್ದು ಹೊಡೆಯಬೇಕು, ಹೊಡೆದು ಗೆಲ್ಲುವುದಲ್ಲ ಎಂಬುದು ಅವರಲ್ಲಿ ಬಾಯಿಮಾತು. ಹತ್ತು ಸಲ ಬಿದ್ದವರು ಹೊಡೆದು ಗೆಲ್ಲಲು ನೋಡಿದರು. ಮೂರು ತಾಗಿದ್ದು ನಿಜ, ಏಳು ಸಲ ಸುಮ್ಮನೆ ನಿಲ್ಲಲಾರದೆ ಹೋದದ್ದೂ ನಿಜ. ಕೆಳಗಿನ ಮೆಟ್ಟಿಲುಗಳಲ್ಲಿ ಮಾಡಿದ್ದಕ್ಕೆ ಅಂಕ, ಮೇಲಿನವುಗಳಲ್ಲಿ ಮಾಡದೆ ಬಿಟ್ಟದ್ದಕ್ಕೆ.

ತೊಡಕು ಶುರುವಾಗುವುದೂ ಇಲ್ಲೇ. ಮಾಡಿದ್ದನ್ನು ಎಲ್ಲರೂ ನೋಡಬಹುದು. ಮಾಡದೆ ಬಿಟ್ಟದ್ದನ್ನು ನೋಡಬಲ್ಲವರು ಎಷ್ಟು ಮಂದಿ? ಆ ದಾರಿಯನ್ನು ತಾವೇ ಹತ್ತಿದವರು ಮಾತ್ರ. ಹೀಗಾಗಿ ಎಂಟನೆಯವರನ್ನು ಎಂಟನೆಯವರೇ ತೂಗಬೇಕು, ಹೊರಗಿನವರು ಒಪ್ಪಿಕೊಳ್ಳಬೇಕು. ನಮ್ಮ ಸಂಗೀತದ ವಿದ್ವತ್ ಪರೀಕ್ಷೆಯಲ್ಲೂ ತಾಳ ತಪ್ಪಿತೋ ಇಲ್ಲವೋ ಎಂಬುದನ್ನು ಬೆರಳೆಣಿಸಿ ಹೇಳಬಹುದು. ರಾಗ ನಿಂತಿತೋ ಇಲ್ಲವೋ ಎಂಬುದಕ್ಕೆ ಕೇಳಿ ಪಳಗಿದ ಕಿವಿಯೇ ಬೇಕು.

ಪಂದ್ಯಗಳಿಗೆ ಈ ತೊಡಕಿಲ್ಲ. ಮೂವರು ತೀರ್ಪುಗಾರರು, ಕೆಂಪು ಬಿಳಿ ಬಾವುಟಗಳು, ಎರಡು ಬಾವುಟ ಎದ್ದರೆ ಅಂಕ. 1953ರಲ್ಲಿ ಶುರುವಾದ ಅಖಿಲ ಜಪಾನ್ ಚಾಂಪಿಯನ್‌ಷಿಪ್ಪನ್ನು ಆರು ಸಲ ಗೆದ್ದ ಮಿಯಾಜಾಕಿ ಮಸಾಹಿರೊ ಆ ಗೆಲುವುಗಳನ್ನೆಲ್ಲ ಕಂಡದ್ದು 1990ರ ದಶಕದಲ್ಲಿ, ಎಂಟನೇ ದಾನ್‌ಗೆ ಕೂರುವ ವಯಸ್ಸು ಬರುವ ಎಷ್ಟೋ ಮೊದಲು. 2014ರಲ್ಲಿ ಗೆದ್ದವರಂತೂ ಇನ್ನೂ ಕಾಲೇಜು ಓದುತ್ತಿದ್ದ ಹುಡುಗ. ಅಂದರೆ ದೇಶಕ್ಕೇ ಬಲಶಾಲಿಯಾದವರು ಎಂಟನೆಯವರಲ್ಲ, ಎಂಟನೆಯವರು ದೇಶಕ್ಕೇ ಬಲಶಾಲಿಗಳಲ್ಲ. ಆದರೂ ಗರಡಿಗೆ ಬಂದರೆ ಆ ಚಾಂಪಿಯನ್ ಹುಡುಗ ಎಪ್ಪತ್ತರ ಮುದುಕರ ಎದುರು ಸಾಲುಗಟ್ಟಿ ನಿಂತು, ಬಾಗಿ, ಅವರಿಂದ ಏಟು ತಿನ್ನುತ್ತಾನೆ. ಇದರಲ್ಲಿ ಗೌರವದ ನಟನೆ ಎಷ್ಟು, ನಿಜ ಎಷ್ಟು ಎಂದು ಕೇಳುವವರಿದ್ದಾರೆ. ಸ್ವಲ್ಪ ನಟನೆ ಇರಬಹುದು. ಆದರೆ ಕಾಲು ಸೋತ ಮನುಷ್ಯ ಇಪ್ಪತ್ತೈದರ ಪೊಲೀಸನ ನೆತ್ತಿಗೆ, ಅವನು ಹೊರಡುವ ಗಳಿಗೆಯಲ್ಲೇ, ಏಟು ಇಡುವುದನ್ನು ಒಮ್ಮೆ ಕಂಡವರಿಗೆ ಎಲ್ಲವೂ ನಟನೆ ಎನ್ನಲು ಬಾಯಿ ಬರುವುದಿಲ್ಲ.

ಎದುರಾಳಿಯೇ ಇಲ್ಲದ ಕತ್ತಿವರಸೆಯೂ ಒಂದಿದೆ, ಇಯಾಯ್ದೊ. ಒರೆಯಿಂದ ಕತ್ತಿ ಸೆಳೆಯುವುದರಲ್ಲೇ ಕಡಿತ ಶುರುವಾಗುವ ಕಲೆ. ಮಂಡಿಯೂರಿ ಕೂತವರು ಎದುರಿಗೊಬ್ಬ ವೈರಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಎದ್ದುಬರುತ್ತ ಅಡ್ಡಲಾಗಿ ಒಂದು ಕಡಿತ, ಮೇಲಿಂದ ಕೆಳಕ್ಕೆ ಇನ್ನೊಂದು, ಅಲಗಿನ ನೆತ್ತರು ಕೊಡವಿದಂತೆ ಒಂದು ಬೀಸು, ಮತ್ತೆ ಕತ್ತಿ ಒರೆಗೆ. ಈ ಒರೆಗೆ ಹಾಕುವುದನ್ನು ಕೆಳಗೆ ನೋಡದೆ ಮಾಡಬೇಕು. ಎಡಗೈಯ ಹೆಬ್ಬೆರಳು, ತೋರುಬೆರಳು ಒರೆಯ ಬಾಯಿಗೆ ದಾರಿ ತೋರಿಸುತ್ತವೆ. ಕಲಿಯುವವರ ಕತ್ತಿ ಹದ ಹಿಡಿಯದ ಮಿಶ್ರಲೋಹದ್ದು. ಅಸಲಿ ಕತ್ತಿ ಹಿಡಿದವರ ಎಡಗೈಯಲ್ಲಿ ಹಳೆಯ ಗಾಯದ ಗೆರೆಗಳು ಸಾಮಾನ್ಯ. ಕೆಂಡೊ ಒಕ್ಕೂಟದ ಇಯಾಯ್ದೊ ವರಸೆಗಳು ಹನ್ನೆರಡು: 1969ರಲ್ಲಿ ಏಳು, 1980ರಲ್ಲಿ ಮೂರು, 2000ದಲ್ಲಿ ಎರಡು ಸೇರಿದವು. ಮೇಲಿನ ಪರೀಕ್ಷೆಗಳಲ್ಲಿ ಹಳೆಯ ಪಂಥದ ವರಸೆಗಳನ್ನೂ ಮಾಡಿ ತೋರಿಸಬೇಕು.

ಏಟು ತಾಗಿತೋ ಇಲ್ಲವೋ ಎಂಬ ಸಣ್ಣ ಆಧಾರವೂ ಇಲ್ಲಿಲ್ಲ. ಪೂರ್ತಿ ನಂಬಿಕೆಯ ಮೇಲೆ ನಡೆಯಬೇಕಾದ ಪರೀಕ್ಷೆ. ಆ ನಂಬಿಕೆ 2018ರಲ್ಲಿ ಒಡೆಯಿತು. ಇಯಾಯ್ದೊ ಎಂಟನೇ ದಾನ್ ಮತ್ತು ಬಿರುದುಗಳ ಪರೀಕ್ಷೆಯಲ್ಲಿ ಕೂರುವವರಿಂದ ಪರೀಕ್ಷಕರಿಗೆ ಹಣ ಸಂದಾಯವಾಗುತ್ತಿತ್ತು ಎಂಬುದು ಬಯಲಾಗಿ, ಒಕ್ಕೂಟವೂ ಅದನ್ನು ಒಪ್ಪಿಕೊಳ್ಳಬೇಕಾಯಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ದಾನ್ ಪದ್ಧತಿಯನ್ನು ಮೊದಲೇ ಒಲ್ಲದವರಿಗೆ ಇದು ಒಳ್ಳೆಯ ಕೋಲು ಸಿಕ್ಕಂತಾಯಿತು. ಕತೋರಿ ಶಿಂತೊ ಪಂಥದಂಥ ಹಳೆಯ ಗರಡಿಗಳಲ್ಲಿ ಇವತ್ತಿಗೂ ಸುರುಳಿ, ಸನ್ನದುಗಳೇ ನಡೆಯುತ್ತವೆ. ಅಂಥವರ ಕಣ್ಣಿಗೆ ಸಂಖ್ಯೆಯ ಮೆಟ್ಟಿಲೆಂದರೆ ಶಾಲೆಯ ತರಗತಿ. ಆದರೆ ಚಿಬಾ ಶೂಸಾಕು ಎಂಟನ್ನು ಮೂರು ಮಾಡಿದ್ದು ಯಾವ ಕಾಟಕ್ಕೆ ಎಂಬುದನ್ನು ಅವರೂ ಮರೆಯಬಾರದು. ಕಾಣಿಕೆಯ ಲಕೋಟೆ ದಾನ್‌ಗಿಂತ ಹಳೆಯದು. ಕೆಂಡೊದಲ್ಲಿ ಹೆಸರಿನ ಗವಸು ಕಳಚಿಸಿ ಸಂಖ್ಯೆ ಅಂಟಿಸುವುದು ಆ ಲಕೋಟೆಗೆ ಒಂದು ತಡೆ. ಪೂರ್ತಿ ತಡೆಯೇನೂ ಅಲ್ಲ, ಮೂವತ್ತು ವರ್ಷ ಒಬ್ಬರ ನಿಲುವು ನೋಡಿದವರಿಗೆ ಹೆಸರು ಬೇಕಾಗುವುದಿಲ್ಲ.

ಹಾಗಾದರೆ ಮೇಲಿನ ದಾನ್ ಬೇಕೆನ್ನುವವರು ಏನು ಅಭ್ಯಾಸ ಮಾಡುತ್ತಾರೆ? ಕೇಳಿದರೆ ನಿರಾಸೆಯಾಗುತ್ತದೆ: ಮೊದಲ ತಿಂಗಳು ಕಲಿತದ್ದನ್ನೇ. ‘ಕಿರಿಕಾಯೆಶಿ’ ಎಂಬ ಅಭ್ಯಾಸವಿದೆ, ಎದುರಿನವರ ನೆತ್ತಿಯ ಎಡಕ್ಕೊಂದು ಬಲಕ್ಕೊಂದು ಹೊಡೆಯುತ್ತ ಮುಂದೆ ನಡೆದು, ಹಾಗೆಯೇ ಹಿಂದೆ ನಡೆಯುವುದು. ಎಂಟು ವರ್ಷದ ಹುಡುಗಿಯೂ ಇದನ್ನೇ ಮಾಡುತ್ತಾಳೆ, ಏಳನೇ ದಾನ್ ಆದವರೂ ಇದನ್ನೇ. ನಡುವಯಸ್ಸಿನವರಿಗೆ ಮೈಯೂ ಲೆಕ್ಕ ಕೇಳುತ್ತದೆ. ಎಡ ಹಿಮ್ಮಡಿ ಸದಾ ನೆಲ ಬಿಟ್ಟಿರುವುದರಿಂದ, ಅಲ್ಲಿಂದಲೇ ಚಿಮ್ಮುವುದರಿಂದ, ಹಿಮ್ಮಡಿಯ ನರ ಹರಿಯುವುದು ಕೆಂಡೊದವರ ಪರಿಚಿತ ಸಂಕಟ. ಜನವರಿಯ ಚಳಿಯಲ್ಲಿ ನಸುಕಿಗೇ ಬರಿಗಾಲಲ್ಲಿ ಮರದ ನೆಲದ ಮೇಲೆ ನಡೆಯುವ ಚಳಿ-ಅಭ್ಯಾಸವನ್ನು ಪತ್ರಿಕೆಗಳು ಚಿತ್ರ ಹಾಕಿ ಹೊಗಳುತ್ತವೆ. ಹಳಬರು ಅದಕ್ಕಿಂತ ಹೆಚ್ಚು ಬೆಲೆ ಕೊಡುವುದು ‘ನೋಡುವ ಅಭ್ಯಾಸ’ಕ್ಕೆ. ಗಾಯವಾಗಿದ್ದರೂ ಬಂದು, ಗೋಡೆಯ ಪಕ್ಕ ಮಂಡಿಯೂರಿ ಕೂತು, ಬೇರೆಯವರು ಆಡುವುದನ್ನು ಸುಮ್ಮನೆ ನೋಡುವುದು.

ಜಪಾನಿನ ಹೊರಗೆ ಕಷ್ಟ ಬೇರೆ ಬಗೆಯದು. ಅಂತರರಾಷ್ಟ್ರೀಯ ಒಕ್ಕೂಟ 1970ರಲ್ಲಿ ಹುಟ್ಟಿತು, ಮೂರು ವರ್ಷಕ್ಕೊಮ್ಮೆ ವಿಶ್ವ ಪಂದ್ಯ ನಡೆಯುತ್ತದೆ. 2006ರಲ್ಲಿ ತೈಪೆಯಲ್ಲಿ ಅಮೆರಿಕದ ಗಂಡಸರ ತಂಡ ಸೆಮಿಫೈನಲ್ಲಿನಲ್ಲಿ ಜಪಾನನ್ನು ಸೋಲಿಸಿತು, ಕಿರೀಟ ಕೊರಿಯಾದ ಪಾಲಾಯಿತು. ಪಂದ್ಯದಲ್ಲಿ ಹೀಗೆ ಅಂತರ ಕಿರಿದಾಗಬಹುದು, ಮೆಟ್ಟಿಲಿನ ವಿಷಯದಲ್ಲಿ ಆಗುವುದು ನಿಧಾನ. ಪರೀಕ್ಷಿಸುವವರು ಕೂರುವವರಿಗಿಂತ ಮೇಲಿರಬೇಕಲ್ಲ? ಕೆಂಡೊ ಬೇರೂರದ ದೇಶಗಳಲ್ಲಿ, ಬೆಂಗಳೂರಿನಂಥ ಊರಲ್ಲಿ ಕಲಿಯಹೊರಟವರೂ, ಹೊರಗಿನ ಹಿರಿಯರು ಶಿಬಿರಕ್ಕೆ ಬರುವವರೆಗೆ ಕಾಯಬೇಕು ಇಲ್ಲವೇ ವಿಮಾನ ಹತ್ತಬೇಕು. ಕಾಯುವ ವರ್ಷಗಳ ಮೇಲೆ ಇನ್ನಷ್ಟು ಕಾಯುವಿಕೆ. ಒಲಿಂಪಿಕ್ಸಿಗೆ ಸೇರಿದರೆ ಹಣವೂ ಜನವೂ ಬಂದಾರು, ನಿಜ. ಜಪಾನಿನ ಒಕ್ಕೂಟಕ್ಕೆ ಅದು ಬೇಡ. ಪದಕದ ಹಿಂದೆ ಬಿದ್ದರೆ ಆ ಹತ್ತು ಸಲ ಮೇಲೆ ಬೀಳುವವರೇ ಉಳಿಯುತ್ತಾರೆ ಎಂಬ ಅಂಜಿಕೆ. ಅಂಜಿಕೆ ಸುಳ್ಳೆಂದು ನನಗನ್ನಿಸುವುದಿಲ್ಲ.

ಕ್ಯೋಟೊದಲ್ಲಿ ಮೊದಲ ಸುತ್ತಿನ ಫಲಿತಾಂಶದ ಹಾಳೆ ಅಂಟಿಸುತ್ತಾರೆ. ಅದರಲ್ಲಿ ಇರುವವರಿಗೆ ಎರಡನೇ ಸುತ್ತು, ಅದೂ ದಾಟಿದ ಬೆರಳೆಣಿಕೆಯವರಿಗೆ ಕತಾ. ಉಳಿದವರು ಹಾಳೆಯ ಮುಂದೆ ಒಂದು ಗಳಿಗೆ ನಿಂತು, ತಮ್ಮ ಸಂಖ್ಯೆ ಇರಬೇಕಾದ ಜಾಗದಲ್ಲಿ ಅದು ಇಲ್ಲವೆಂದು ಖಾತ್ರಿಮಾಡಿಕೊಂಡು, ಸರಿಯುತ್ತಾರೆ. ಹೆಚ್ಚು ಮಾತಿಲ್ಲ. ಮೂಲೆಯಲ್ಲಿ ಕೂತು ಕವಚ ಬಿಚ್ಚುತ್ತಾರೆ. ಬೆವರಿಗೆ ನೆನೆದ ನೀಲಿ ಬಣ್ಣ ಅಂಗೈಗೆ ಹತ್ತಿರುತ್ತದೆ. ಅದೇ ಕೈಯಿಂದ ಸಂಖ್ಯೆಯ ಚೀಟಿ ಕಿತ್ತು, ಚೀಲದಿಂದ ಹೆಸರಿನ ಗವಸು ತೆಗೆದು, ಸೊಂಟದ ಕವಚಕ್ಕೆ ಮತ್ತೆ ತೊಡಿಸುತ್ತಾರೆ.